ಹಳೇ ಕೀ ಒಂದು, ಕಾರ್ಡು ಮೂರೂವರೆ ಕೋಟಿ

2020ರ ಆಗಸ್ಟ್ 18. ಕೊರೋನಾ ಕಾಲ. ಬಿಟಿಎಂ, ಜಯನಗರ, ಜೆಪಿ ನಗರ, ಬನಶಂಕರಿ ಕಡೆಯ ಬಹಳಷ್ಟು ಜನ ಊಟ, ದಿನಸಿ, ರೀಚಾರ್ಜು ಎಲ್ಲವನ್ನೂ ಆ್ಯಪ್‌ನಲ್ಲೇ ಮುಗಿಸುತ್ತಿದ್ದ ದಿನಗಳು. ಅಂದು ಕೋರಮಂಗಲದ ಜಸ್‌ಪೇ ಎಂಬ ಪೇಮೆಂಟ್ ಕಂಪನಿಯ ಕ್ಲೌಡ್ ಖಾತೆಯೊಳಗೆ ಯಾರೋ ಹೊಕ್ಕರು. ಬೀಗ ಒಡೆಯುವ ಕಷ್ಟವನ್ನೇನೂ ಅವರು ತೆಗೆದುಕೊಳ್ಳಲಿಲ್ಲ, ಕೈಯಲ್ಲಿ ಕೀ ಇತ್ತು. ಕಂಪನಿಯೇ ಆಮೇಲೆ ಹೇಳಿಕೊಂಡಂತೆ, ಅದು ಬದಲಿಸದೆ ಹಾಗೇ ಉಳಿದುಬಿಟ್ಟಿದ್ದ ಒಂದು ಹಳೆಯ ಎಡಬ್ಲ್ಯುಎಸ್ ಆ್ಯಕ್ಸೆಸ್ ಕೀ.

ಜಸ್‌ಪೇ ಹೆಸರು ನಿಮಗೆ ಗೊತ್ತಿಲ್ಲದಿರಬಹುದು. ಆದರೆ ಜಸ್‌ಪೇಗೆ ನೀವು ಗೊತ್ತು. ಅಮೆಜಾನ್, ಸ್ವಿಗ್ಗಿ, ಮೇಕ್‌ಮೈಟ್ರಿಪ್‌ನಂಥ ಕಡೆ ನೀವು 'ಪೇ' ಒತ್ತಿದಾಗ ತೆರೆಮರೆಯಲ್ಲಿ ಆ ವ್ಯವಹಾರವನ್ನು ದಾಟಿಸುತ್ತಿದ್ದ ಕಂಪನಿ ಅದು. ಅದರ ಕೋರಮಂಗಲ ಬಿಟಿಎಂ ಲೇಔಟ್ ವಿಧಾನಸಭಾ ಕ್ಷೇತ್ರಕ್ಕೇ ಸೇರುತ್ತೆ. ಅಂದರೆ ನಮ್ಮ ಮನೆ ಪಕ್ಕದ ಕಥೆ ಇದು.

ಡೇಟಾ ಇಟ್ಟಿದ್ದ ಜಾಗದಲ್ಲಿ ಬಳಕೆ ದಿಢೀರ್ ಏರಿದ್ದರಿಂದ ಅಲರ್ಟ್ ಹೊಡೆಯಿತು, ತಂಡ ಆ ಪ್ರವೇಶವನ್ನು ಮುಚ್ಚಿತು. ಅಷ್ಟರೊಳಗೆ ಹೋಗಬೇಕಾದ್ದು ಹೋಗಿತ್ತು. ಕಂಪನಿ ಕೊಟ್ಟ ಲೆಕ್ಕದಲ್ಲೇ ಸುಮಾರು 3.5 ಕೋಟಿ ಕಾರ್ಡ್ ದಾಖಲೆಗಳು. ಮಧ್ಯದ ಅಂಕಿಗಳನ್ನು ಮರೆಮಾಡಿದ್ದವು, ನಿಜ. ಪೂರ್ತಿ ಕಾರ್ಡ್ ನಂಬರ್, ಸಿವಿವಿ, ಪಿನ್ ಹೋಗಿಲ್ಲ ಅಂತ ಕಂಪನಿ ಹೇಳಿತು. ಜೊತೆಗೆ 10 ಕೋಟಿ ಮೆಟಾಡೇಟಾ ದಾಖಲೆಗಳಲ್ಲಿ ಒಂದು ಭಾಗದಲ್ಲಿ ಜನರ ಇಮೇಲ್ ಮತ್ತು ಫೋನ್ ನಂಬರ್ ಮರೆಮಾಡದೆ ಹಾಗೇ ಇದ್ದವು.

'ಪೂರ್ತಿ ನಂಬರ್ ಹೋಗಿಲ್ಲವಲ್ಲ, ಬಿಡಿ' ಅನ್ನಬಹುದು. ಫೋನ್ ಮಾಡಿ ವಂಚಿಸುವವನಿಗೆ ಪೂರ್ತಿ ನಂಬರ್ ಬೇಕಾಗೇ ಇಲ್ಲ. 'ನಿಮ್ಮ ಇಂಥ ಬ್ಯಾಂಕಿನ, ಕೊನೆಗೆ ಇಂಥ ನಾಲ್ಕು ಅಂಕಿ ಇರೋ ಕಾರ್ಡ್ ಬ್ಲಾಕ್ ಆಗ್ತಿದೆ ಸರ್' ಅಂತ ಶುರು ಮಾಡಿದರೆ ಸಾಕು. ನಾಲ್ಕು ಅಂಕಿ ಸರಿ ಹೇಳಿದವನನ್ನು ಬ್ಯಾಂಕಿನವನೇ ಅಂತ ನಂಬೋದು ಸಹಜ. ಬನಶಂಕರಿಯ ನಿವೃತ್ತ ಮೇಷ್ಟ್ರೂ ನಂಬುತ್ತಾರೆ, ಎಂಜಿನಿಯರ್ ಮಗನೂ ನಂಬುತ್ತಾನೆ.

ಕೀ ಅಂದ್ರೆ ಏನು?

ರಾಜಕೀಯಕ್ಕೆ ಬರುವ ಮುನ್ನ ಎರಡು ನಿಮಿಷ ಎಂಜಿನಿಯರಿಂಗ್. ನಾನು ಓದಿದ್ದು ಅದೇ, ಸ್ವಲ್ಪ ಸಹಿಸಿಕೊಳ್ಳಿ.

ಕ್ಲೌಡ್ ಅಂದರೆ ಬೇರೆಯವರ ಕಂಪ್ಯೂಟರನ್ನು ಬಾಡಿಗೆಗೆ ಪಡೆಯೋದು. ಅದಕ್ಕೆ ಮನುಷ್ಯರು ಪಾಸ್‌ವರ್ಡ್ ಹಾಕಿ ಒಳಗೆ ಹೋಗ್ತಾರೆ. ಪ್ರೋಗ್ರಾಮ್‌ಗಳಿಗೆ ಪಾಸ್‌ವರ್ಡ್ ಟೈಪ್ ಮಾಡೋಕೆ ಬೆರಳಿಲ್ಲ, ಹಾಗಾಗಿ ಅವುಗಳಿಗೆ ಆ್ಯಕ್ಸೆಸ್ ಕೀ ಕೊಡ್ತಾರೆ. ಅಮೆಜಾನ್‌ನ ಎಡಬ್ಲ್ಯುಎಸ್‌ನಲ್ಲಿ ಇದು ಎರಡು ಭಾಗದ್ದು: 20 ಅಕ್ಷರದ ಗುರುತು, 40 ಅಕ್ಷರದ ರಹಸ್ಯ. ಇವೆರಡೂ ಯಾರ ಕೈಯಲ್ಲಿದ್ದರೂ ಅವರೇ ಮಾಲೀಕರು. ನೀವೇನಾದರೂ ಹೆಚ್ಚುವರಿ ನಿರ್ಬಂಧ ಹಾಕದಿದ್ದರೆ ಅದು ಒಟಿಪಿ ಕೇಳಲ್ಲ, ಯಾವ ಊರಿಂದ ಬಂದಿರಿ ಅಂತ ಕೇಳಲ್ಲ, ಆಫೀಸ್ ಟೈಮ್ ನೋಡಲ್ಲ.

ಮುಖ್ಯವಾದದ್ದು ಇನ್ನೊಂದಿದೆ. ಈ ಕೀಗೆ ತಾನಾಗಿ ಮುಗಿಯುವ ದಿನಾಂಕ ಇಲ್ಲ. ಹಾಲಿನ ಪ್ಯಾಕೆಟ್ಟಿಗೆ ಇದೆ, ಬಸ್ ಪಾಸಿಗೆ ಇದೆ, ಇದಕ್ಕಿಲ್ಲ. 2016ರಲ್ಲಿ ಒಬ್ಬರು ಮಾಡಿಟ್ಟ ಕೀ, ಆ ಪ್ರಾಜೆಕ್ಟ್ ಮುಚ್ಚಿ, ಆ ತಂಡ ಚದುರಿ, ಆ ವ್ಯಕ್ತಿ ಬೇರೆ ದೇಶಕ್ಕೇ ಹೋಗಿದ್ದರೂ, ಯಾರಾದರೂ ಆಫ್ ಮಾಡುವ ತನಕ ಕೆಲಸ ಮಾಡುತ್ತಲೇ ಇರುತ್ತೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಚಾಟ್ ಮೆಸೇಜ್‌ನಲ್ಲಿ, ಗಿಟ್‌ಹಬ್‌ನ ಕೋಡ್ ಮಧ್ಯೆ ಅದರ ನಕಲು ಬಿದ್ದಿರುತ್ತೆ. ಊಬರ್‌ಗೆ 2016ರಲ್ಲಿ ಆದದ್ದು ಹೀಗೇ. ಗಿಟ್‌ಹಬ್‌ನ ಖಾಸಗಿ ಕೋಡ್ ಸಂಗ್ರಹಕ್ಕೆ ಹೊಕ್ಕವರಿಗೆ ಅಲ್ಲೇ ಕ್ಲೌಡ್ ಕೀ ಸಿಕ್ಕಿತು, 5.7 ಕೋಟಿ ಜನರ ಮಾಹಿತಿ ಹೋಯಿತು. ಕಂಪನಿ ಕಳ್ಳರಿಗೇ 1 ಲಕ್ಷ ಡಾಲರ್ ಕೊಟ್ಟು ವಿಷಯವನ್ನು ಒಂದು ವರ್ಷ ಮುಚ್ಚಿಟ್ಟಿತು.

ಬೆಂಗಳೂರಿನ ಬಾಡಿಗೆ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮನೆ ಖಾಲಿ ಮಾಡುವಾಗ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ತಾರೆ, ಗೋಡೆಯ ಮೊಳೆ ಎಣಿಸ್ತಾರೆ. ಬೀಗ ಮಾತ್ರ ಬದಲಿಸಲ್ಲ. ಹಿಂದಿನ ಬಾಡಿಗೆದಾರ ಮಾಡಿಸಿಕೊಂಡಿದ್ದ ಡೂಪ್ಲಿಕೇಟ್ ಎಲ್ಲಿದೆ ಅಂತ ಯಾರೂ ಕೇಳಲ್ಲ.

ಆಫ್ ಮಾಡೋದು ಅಷ್ಟು ಕಷ್ಟನಾ?

ಇಲ್ಲ. ಇದೇ ಬೇಸರದ ವಿಷಯ.

ಪ್ರತಿ ಕೀಯನ್ನು ಕೊನೆಯ ಬಾರಿ ಯಾವಾಗ, ಯಾವ ಸೇವೆಗೆ ಬಳಸಲಾಗಿದೆ ಅಂತ ಎಡಬ್ಲ್ಯುಎಸ್ ತಾನೇ ತೋರಿಸುತ್ತೆ. ಇಡೀ ಖಾತೆಯಲ್ಲಿರುವ ಬಳಕೆದಾರರು, ಅವರ ಪಾಸ್‌ವರ್ಡು, ಕೀಗಳ ವಯಸ್ಸು ಇಷ್ಟನ್ನೂ ಒಂದು ಪಟ್ಟಿಯಾಗಿ ಇಳಿಸಿಕೊಳ್ಳಬಹುದು. ಎಕ್ಸೆಲ್ ಗೊತ್ತಿದ್ದರೆ ಸಾಕು. ಅಲ್ಲದೆ ಕೀಯನ್ನು ಅಳಿಸುವ ಮುಂಚೆ 'ನಿಷ್ಕ್ರಿಯ' ಮಾಡುವ ಅವಕಾಶ ಇದೆ. ನಿಷ್ಕ್ರಿಯ ಮಾಡಿ ಕೆಲವು ವಾರ ಕಾಯಿರಿ. ಎಲ್ಲೂ ಏನೂ ನಿಲ್ಲದಿದ್ದರೆ ಅಳಿಸಿ. ಏನಾದರೂ ನಿಂತರೆ ಮತ್ತೆ ಆನ್ ಮಾಡಿ. ಅಳಿಸಿದ ಕೀ ಮಾತ್ರ ವಾಪಸ್ ಬರಲ್ಲ, ಅದಕ್ಕೇ ಈ ಎರಡು ಹೆಜ್ಜೆ.

ಎಷ್ಟು ದಿನ ಬಳಸದಿದ್ದರೆ ಆಫ್ ಮಾಡಬೇಕು ಅನ್ನೋದಕ್ಕೂ ಉತ್ತರ ಇದೆ. ಸೆಂಟರ್ ಫಾರ್ ಇಂಟರ್ನೆಟ್ ಸೆಕ್ಯುರಿಟಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಎಡಬ್ಲ್ಯುಎಸ್ ಮಾನದಂಡ 45 ದಿನ ಎನ್ನುತ್ತೆ. ಮೊದಲು ಅದು 90 ಇತ್ತು. ಕಾರ್ಡ್ ಉದ್ಯಮದ ಸ್ವಂತ ನಿಯಮಾವಳಿಯಾದ ಪಿಸಿಐ ಡಿಎಸ್‌ಎಸ್ ಪ್ರಕಾರ ನಿಷ್ಕ್ರಿಯ ಬಳಕೆದಾರ ಖಾತೆಗಳನ್ನು 90 ದಿನದೊಳಗೆ ಮುಚ್ಚಬೇಕು, ಕೆಲಸ ಬಿಟ್ಟವರ ಪ್ರವೇಶವನ್ನು ತಕ್ಷಣ ಕಿತ್ತುಹಾಕಬೇಕು. ಇನ್ನೂ ಒಳ್ಳೆಯ ದಾರಿ ಅಂದರೆ ಶಾಶ್ವತ ಕೀ ಕೊಡದಿರುವುದು. ಕೆಲವು ನಿಮಿಷ ಅಥವಾ ಗಂಟೆಗಳಲ್ಲಿ ತಾನೇ ಸಾಯುವ ತಾತ್ಕಾಲಿಕ ಕೀ ಕೊಡುವ ವ್ಯವಸ್ಥೆ ಎಲ್ಲ ದೊಡ್ಡ ಕ್ಲೌಡ್‌ಗಳಲ್ಲೂ ಇದೆ.

ಹಾಗಾದರೆ ಯಾಕೆ ಮಾಡಲ್ಲ? ಭಯ. 'ಇದನ್ನ ಆಫ್ ಮಾಡಿದ್ರೆ ಎಲ್ಲಿ ಏನು ನಿಲ್ಲುತ್ತೋ' ಎಂಬ ಭಯ. ಅದು ಪೂರ್ತಿ ಸುಳ್ಳೂ ಅಲ್ಲ. ಮಾರ್ಚ್ ಕೊನೆಗೆ ವರ್ಷಕ್ಕೊಮ್ಮೆ ಓಡುವ ಯಾವುದೋ ಲೆಕ್ಕಪತ್ರದ ಸ್ಕ್ರಿಪ್ಟ್ ಆ ಕೀ ನಂಬಿಕೊಂಡಿರಬಹುದು. 300 ದಿನ ಸುಮ್ಮನಿದ್ದದ್ದು 301ನೇ ದಿನ ಬೇಕಾಗಬಹುದು. ಆಫ್ ಮಾಡಿದ ಎಂಜಿನಿಯರ್‌ಗೆ ರಾತ್ರಿ 2 ಗಂಟೆಗೆ ಫೋನ್ ಬರುತ್ತೆ. ಆಫ್ ಮಾಡದವನಿಗೆ ಏನೂ ಆಗಲ್ಲ, ಕಳ್ಳ ಬರುವ ತನಕ. ಆ ಹೊತ್ತಿಗೆ ಅವನೂ ಕಂಪನಿ ಬದಲಿಸಿರ್ತಾನೆ.

ನಮ್ಮ ಐಟಿ ಸಂಸ್ಕೃತಿಯಲ್ಲಿ ಸೇರಿಸುವವರಿಗೆ ಬಡ್ತಿ ಇದೆ, ತೆಗೆಯುವವರಿಗೆ ಇಲ್ಲ. ಹೊಸ ಫೀಚರ್ ಬಿಟ್ಟರೆ ಲಿಂಕ್ಡ್‌ಇನ್ ಪೋಸ್ಟ್, ಕೇಕ್, ಅಪ್ರೈಸಲ್‌ನಲ್ಲಿ ಒಂದು ಸಾಲು. 40 ಹಳೆ ಕೀ ಮುಚ್ಚಿದೆ ಅಂದರೆ ಮ್ಯಾನೇಜರ್ 'ಒಳ್ಳೇದು, ಆದ್ರೆ ನಿಜವಾದ ಕೆಲಸ ಏನು ಮಾಡಿದೆ?' ಅಂತಾರೆ. ಪೌರಕಾರ್ಮಿಕರ ಕೆಲಸ ಕಾಣಿಸದಂತೆಯೇ ಇದೂ. ಮಾಡಿದ ದಿನ ಯಾರಿಗೂ ಗೊತ್ತಾಗಲ್ಲ, ಮಾಡದ ದಿನ ಊರೇ ನಾರುತ್ತೆ.

ಕೆಲಸ ಬಿಡುವ ದಿನ

ಬಿಟಿಎಂ, ಮಡಿವಾಳ, ಜೆಪಿ ನಗರದ ಪಿಜಿಗಳಲ್ಲಿ ಇರುವವರಲ್ಲಿ ಎಷ್ಟೋ ಜನ ಇಂಥ ಕೀಗಳನ್ನು ಹಿಡಿದವರು. ಆದರೆ ಅವರಲ್ಲಿ ಅನೇಕರು ಆ ಕಂಪನಿಯ ಸ್ವಂತ ಉದ್ಯೋಗಿಗಳಲ್ಲ. ಗುತ್ತಿಗೆ, ಥರ್ಡ್ ಪಾರ್ಟಿ, ಇಂಟರ್ನ್, ಫ್ರೀಲಾನ್ಸ್. ಆರು ತಿಂಗಳು ಇಲ್ಲಿ, ಒಂದು ವರ್ಷ ಅಲ್ಲಿ. ಲೇಆಫ್ ಆದರೆ ಒಂದೇ ಮಧ್ಯಾಹ್ನದಲ್ಲಿ ಹೊರಗೆ. ಎಚ್‌ಆರ್ ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ಲೆಕ್ಕ ಹಾಕಿ ವಾಪಸ್ ತಗೊಳ್ತಾರೆ. ನನ್ನ ಎಂಜಿನಿಯರಿಂಗ್ ದಿನಗಳ ಒಂದು ಆಫೀಸಿನಲ್ಲಿ ಚಾರ್ಜರ್ ಕೊಡದಿದ್ದರೆ ಸಂಬಳ ತಡೆಯುತ್ತಿದ್ದರು. ನಿಮ್ಮ ಹೆಸರಲ್ಲಿ ಎಷ್ಟು ಕೀ ಇವೆ ಅಂತ ಯಾರೂ ಕೇಳುತ್ತಿರಲಿಲ್ಲ. ಚಾರ್ಜರ್‌ಗೆ ಬೆಲೆ ಇದೆ, ಆಸ್ತಿ ಪಟ್ಟಿಯಲ್ಲಿ ನಂಬರ್ ಇದೆ. ಕೀಗೆ ಎರಡೂ ಇಲ್ಲ.

ಕೆಲಸ ಬಿಟ್ಟವರು ಒಳಗೆ ಬರಲು ಸಾಧ್ಯವಾದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಸಿಸ್ಕೋ ಪ್ರಕರಣ ನೋಡಿ. 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟಿದ್ದ ಎಂಜಿನಿಯರ್ ಒಬ್ಬ ಐದು ತಿಂಗಳ ನಂತರ ಅದರ ಎಡಬ್ಲ್ಯುಎಸ್ ಖಾತೆಯೊಳಗೆ ಬಂದು 456 ವರ್ಚುವಲ್ ಯಂತ್ರಗಳನ್ನು ಅಳಿಸಿದ. 16,000ಕ್ಕೂ ಹೆಚ್ಚು ವೆಬೆಕ್ಸ್ ಟೀಮ್ಸ್ ಖಾತೆಗಳು ಎರಡು ವಾರದವರೆಗೆ ಬಂದ್. ಸರಿಪಡಿಸುವ ಖರ್ಚು ಮತ್ತು ಗ್ರಾಹಕರಿಗೆ ವಾಪಸ್ ಕೊಟ್ಟದ್ದು ಸೇರಿ 24 ಲಕ್ಷ ಡಾಲರ್ ನಷ್ಟ. ಅವನಿಗೆ 2 ವರ್ಷ ಜೈಲು. ಶಿಕ್ಷೆ ಸರಿಯೇ. ಆದರೆ ಐದು ತಿಂಗಳ ನಂತರವೂ ಬಾಗಿಲು ಯಾಕೆ ತೆರೆದುಕೊಂಡಿತು ಎಂಬ ಪ್ರಶ್ನೆ ಜೈಲಿಗೆ ಹೋಗಲಿಲ್ಲ.

2021ರ ಮೇನಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಸುಮಾರು ಶೇ 45ರಷ್ಟು ಇಂಧನ ಪೂರೈಸುವ ಕೊಲೊನಿಯಲ್ ಪೈಪ್‌ಲೈನ್ ನಿಂತಿತಲ್ಲ, ಅದಕ್ಕೂ ಕಾರಣ ಬಳಕೆಯಲ್ಲಿಲ್ಲದ ಒಂದು ಹಳೆಯ ವಿಪಿಎನ್ ಖಾತೆ. ಎರಡನೇ ಹಂತದ ದೃಢೀಕರಣ ಅದಕ್ಕಿರಲಿಲ್ಲ. ಒಂದು ಪಾಸ್‌ವರ್ಡ್ ಸಾಕಾಯಿತು. ಕಂಪನಿ 75 ಬಿಟ್‌ಕಾಯಿನ್ ಒತ್ತೆಹಣ ಕೊಟ್ಟಿತು.

ಈಗ ಇದನ್ನು ನಿಮ್ಮ ಕಡೆಯಿಂದ ಯೋಚಿಸಿ. ನೀವು ಬಿಟ್ಟುಬಂದ ಕಂಪನಿಯಲ್ಲಿ ನಿಮ್ಮ ಹೆಸರಿನ ಕೀ ಇನ್ನೂ ಜೀವಂತ ಇದೆ ಅಂದುಕೊಳ್ಳಿ. ಯಾರೋ ಅದನ್ನು ಬಳಸಿದರೆ ಲಾಗ್‌ನಲ್ಲಿ ಬರುವ ಹೆಸರು ನಿಮ್ಮದು. ಪೊಲೀಸರು ಮೊದಲು ಬರುವುದು ನಿಮ್ಮ ಪಿಜಿಗೆ. ಬೆಂಗಳೂರು ಇದಕ್ಕೆ ಹತ್ತಿರದ್ದನ್ನು ನೋಡಿದೆ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಯಿಂದ ಸುಮಾರು 4.4 ಕೋಟಿ ಡಾಲರ್ ಕಳವಾಯಿತು. ಉದ್ಯೋಗಿಯೊಬ್ಬರ ಲಾಗಿನ್ ವಿವರ ಬಳಸಿ ಕೃತ್ಯ ನಡೆದಿದೆ ಎಂಬ ದೂರಿನ ಮೇಲೆ ನಮ್ಮ ಪೊಲೀಸರು ಆ ಉದ್ಯೋಗಿಯನ್ನೇ ಬಂಧಿಸಿದರು. ಅದು ಹಳೆ ಕೀ ಪ್ರಕರಣವಲ್ಲ, ಅವರು ಕೆಲಸದಲ್ಲಿದ್ದವರು. ತಪ್ಪು ಎಷ್ಟು ಯಾರದು ಅಂತ ಕೋರ್ಟ್ ಹೇಳಬೇಕು. ಆದರೆ ಕೀ ಯಾರ ಹೆಸರಲ್ಲಿದೆಯೋ ಅವರ ಕಡೆಗೇ ಮೊದಲ ಬೆರಳು ಹೋಗುತ್ತೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ನಮಗೆ ಹೇಳಿದ್ದು ಯಾರು?

ಜಸ್‌ಪೇಗೆ ವಾಪಸ್ ಬರೋಣ. ಆಗಸ್ಟ್ 18ರ ಘಟನೆ ಸಾರ್ವಜನಿಕರಿಗೆ ಗೊತ್ತಾದದ್ದು 2021ರ ಜನವರಿ ಮೊದಲ ವಾರ. ಅದೂ ರಾಜಶೇಖರ್ ರಾಜಹರಿಯಾ ಎಂಬ ಸ್ವತಂತ್ರ ಭದ್ರತಾ ಸಂಶೋಧಕ, ಈ ಡೇಟಾ ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕಿದೆ ಅಂತ ಬಯಲು ಮಾಡಿದ್ದರಿಂದ. ತನ್ನ ವ್ಯಾಪಾರಿ ಗ್ರಾಹಕರಿಗೆ ಅದೇ ದಿನ ತಿಳಿಸಿದ್ದೆವು ಅಂತ ಕಂಪನಿ ಹೇಳಿತು. ವ್ಯಾಪಾರಿಗಳಿಗೆ. ಕಾರ್ಡ್ ಇಟ್ಟುಕೊಂಡ ನಮಗಲ್ಲ. ನಾಲ್ಕೂವರೆ ತಿಂಗಳು ನಮ್ಮ ಫೋನ್ ನಂಬರ್ ಯಾರದೋ ಕೈಯಲ್ಲಿತ್ತು. ನಾವು ದಸರಾ ಸೇಲ್, ದೀಪಾವಳಿ ಸೇಲ್ ಅಂತ ಅದೇ ಕಾರ್ಡ್ ಒತ್ತುತ್ತಿದ್ದೆವು.

ಆಗ ನಮಗೆ ನೇರವಾಗಿ ತಿಳಿಸಲೇಬೇಕು ಅನ್ನುವ ಡೇಟಾ ಸಂರಕ್ಷಣಾ ಕಾಯ್ದೆ ದೇಶದಲ್ಲಿ ಇರಲಿಲ್ಲ. ನಂತರ ಒಂದಷ್ಟು ಬದಲಾಗಿದೆ ಅನ್ನೋದನ್ನು ಒಪ್ಪಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಇಂಥ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಆದರೆ ಸರ್ಕಾರಕ್ಕೆ, ನಮಗಲ್ಲ. 2022ರ ಅಕ್ಟೋಬರ್ 1ರಿಂದ ಆರ್‌ಬಿಐ ವ್ಯಾಪಾರಿಗಳು, ಪೇಮೆಂಟ್ ಕಂಪನಿಗಳು ಕಾರ್ಡ್ ನಂಬರ್ ಇಟ್ಟುಕೊಳ್ಳುವುದನ್ನು ನಿಲ್ಲಿಸಿ ಟೋಕನ್ ಪದ್ಧತಿ ತಂದಿತು. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ, ಏಕೆಂದರೆ ಇಟ್ಟುಕೊಳ್ಳದ ಡೇಟಾ ಕಳವಾಗಲ್ಲ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ದೊಡ್ಡ ಬದಲಾವಣೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಸೋರಿಕೆಯಾದರೆ ಬಾಧಿತರಾದ ಪ್ರತಿಯೊಬ್ಬರಿಗೂ ವಿಳಂಬ ಮಾಡದೆ ತಿಳಿಸಬೇಕು, ಡೇಟಾ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು. ಸೂಕ್ತ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಈ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಅಂದರೆ 2027ರ ಮೇ.

ಓದಲು ಚೆನ್ನಾಗಿದೆ. ಆದರೆ ಎರಡು ತೂತು ಇವೆ.

ಒಂದು, 'ಪ್ರವೇಶ ನಿಯಂತ್ರಿಸಲು ಸೂಕ್ತ ಕ್ರಮ' ಎನ್ನುತ್ತೆ ನಿಯಮ. ಎಷ್ಟು ದಿನ ಬಳಸದ ಕೀಯನ್ನು ಮುಚ್ಚಬೇಕು? ಕೆಲಸ ಬಿಟ್ಟವರ ಪ್ರವೇಶವನ್ನು ಎಷ್ಟು ಗಂಟೆಯಲ್ಲಿ ತೆಗೆಯಬೇಕು? ಅಂಕಿ ಇಲ್ಲ. 'ಸೂಕ್ತ' ಅನ್ನೋದನ್ನು ಕಂಪನಿಯ ವಕೀಲರು ಆಮೇಲೆ ವ್ಯಾಖ್ಯಾನಿಸ್ತಾರೆ.

ಎರಡನೆಯದು ಇನ್ನೂ ಗಂಭೀರ. ದಂಡದ ಹಣ ಹೋಗುವುದು ಕೇಂದ್ರದ ಸಂಚಿತ ನಿಧಿಗೆ. ಡೇಟಾ ಕಳೆದುಕೊಂಡ ನಿಮಗೆ ಒಂದು ರೂಪಾಯಿ ಇಲ್ಲ. ಐಟಿ ಕಾಯ್ದೆಯಲ್ಲಿ 43ಎ ಅಂತ ಒಂದು ಸೆಕ್ಷನ್ ಇದೆ. ಭದ್ರತೆಯಲ್ಲಿ ನಿರ್ಲಕ್ಷ್ಯ ಮಾಡಿದ ಕಂಪನಿಯಿಂದ ಬಾಧಿತರು ಪರಿಹಾರ ಕೇಳುವ ದಾರಿ ಅದು. ಹೊಸ ಕಾಯ್ದೆಯ 44ನೇ ಸೆಕ್ಷನ್ ಅದನ್ನು ಕಿತ್ತುಹಾಕುತ್ತೆ. ಆರ್‌ಟಿಐಗೆ ಕತ್ತರಿ ಹಾಕಿದ ಅದೇ 44ನೇ ಸೆಕ್ಷನ್. ಆರ್‌ಟಿಐ ಬಗ್ಗೆ ನಾವು ಬೀದಿಗಿಳಿದು ಮಾತಾಡಿದೆವು, ಮಾತಾಡಬೇಕಿತ್ತು. 43ಎ ಬಗ್ಗೆ ಅಷ್ಟು ಸದ್ದು ಕೇಳಲಿಲ್ಲ.

ಇಲ್ಲಿಗೆ ಲೆಕ್ಕ ಸ್ಪಷ್ಟ. ಕೀ ಮುಚ್ಚುವ ಖರ್ಚು ಕಂಪನಿಯದು: ಒಬ್ಬ ಎಂಜಿನಿಯರ್‌ನ ಕೆಲವು ದಿನ, ಒಂದು ರಾತ್ರಿಯ ತಲೆನೋವು. ಮುಚ್ಚದಿದ್ದರೆ ಆಗುವ ನಷ್ಟ ನಮ್ಮದು. ಖರ್ಚು ಒಬ್ಬರದು, ನಷ್ಟ ಇನ್ನೊಬ್ಬರದು ಆದಾಗ ಕೆಲಸ ಮುಂದೂಡಲ್ಪಡುತ್ತೆ. ರಾಜಕಾಲುವೆ ಒತ್ತುವರಿಯಲ್ಲೂ ಇದೇ ಗಣಿತ. ಲಾಭ ಕಟ್ಟಿದವರಿಗೆ, ನೀರು ನುಗ್ಗುವುದು ಕೆಳಗಿನ ಮನೆಗೆ. ಹಾಗಾಗಿ ಹಳೆ ಕೀಯನ್ನು ಯಾರೋ ಎಂಜಿನಿಯರ್‌ನ ಮರೆವು ಅಂತ ನೋಡಿದರೆ ಅದು ಯಾವತ್ತೂ ಬಗೆಹರಿಯಲ್ಲ. ಮರೆತರೆ ನಷ್ಟವಾಗುವಂತೆ ಕಾನೂನು ಬರೆದ ದಿನ ಎಲ್ಲರಿಗೂ ನೆನಪು ಬರುತ್ತೆ.

ಕೇಳಬೇಕಾದ್ದು

2027ರ ಮೇ ತನಕ ಸಮಯ ಇದೆ. ನನ್ನ ಮಟ್ಟಿಗೆ ಮೂರು ಬೇಡಿಕೆ ಇಡಬಹುದು. ನಿಯಮದಲ್ಲಿ ಅಂಕಿ ಬರಬೇಕು: ಬಳಸದ ಕೀಗೆ 45 ದಿನ, ಕೆಲಸ ಬಿಟ್ಟವರದ್ದಕ್ಕೆ ಅದೇ ದಿನ. ಸೋರಿಕೆಯಾದಾಗ ನಮಗೆ ಬರುವ ನೋಟಿಸಿನಲ್ಲಿ ಯಾವ ದಾರಿಯಿಂದ ಹೊಕ್ಕರು, ಆ ಕೀ ಎಷ್ಟು ಹಳೆಯದು ಅನ್ನೋದು ಇರಬೇಕು. ಪರಿಹಾರ ಕೇಳುವ ಹಕ್ಕು ವಾಪಸ್ ಬರಬೇಕು. ಇದೇ ನಿಯಮ ಸರ್ಕಾರಿ ಇಲಾಖೆಗಳ ಪೋರ್ಟಲ್‌ಗಳಿಗೂ ಅನ್ವಯಿಸಬೇಕು. ಗುತ್ತಿಗೆ ಮುಗಿದ ಡೇಟಾ ಎಂಟ್ರಿ ಆಪರೇಟರ್‌ನ ಲಾಗಿನ್ ಕಚೇರಿಯಲ್ಲಿ ಉಳಿದರೆ ಅಪಾಯ ಕಡಿಮೆ ಏನಲ್ಲ. ಸಂಸದರನ್ನು, ಶಾಸಕರನ್ನು ರಸ್ತೆಗುಂಡಿ ಬಗ್ಗೆ ಟ್ಯಾಗ್ ಮಾಡುವ ನಾವು ಇದಕ್ಕೂ ಮಾಡಬಹುದು. ಐಟಿ ಮತದಾರರೇ ತುಂಬಿರುವ ಬೆಂಗಳೂರು ದಕ್ಷಿಣದಲ್ಲಿ ಇದು ಚುನಾವಣೆಯ ವಿಷಯ ಆಗದಿದ್ದರೆ ಇನ್ನೆಲ್ಲಿ ಆಗಬೇಕು?

ಮತ್ತು ನೀವು ಐಟಿಯಲ್ಲಿದ್ದರೆ ಒಂದು ಸಣ್ಣ ಕೆಲಸ. ಕೆಲಸ ಬಿಡುವಾಗ ಕೊನೆಯ ದಿನ ಒಂದು ಇಮೇಲ್ ಕಳಿಸಿ: 'ನನ್ನ ಹೆಸರಲ್ಲಿರುವ ಖಾತೆ, ಕೀ, ಟೋಕನ್‌ಗಳ ಪಟ್ಟಿ ಇದು. ದಯವಿಟ್ಟು ನಿಷ್ಕ್ರಿಯ ಮಾಡಿ, ಮಾಡಿದ್ದನ್ನು ಲಿಖಿತವಾಗಿ ತಿಳಿಸಿ.' ಉತ್ತರ ಬಂದರೆ ಅದನ್ನು ನಿಮ್ಮ ಖಾಸಗಿ ಇಮೇಲ್‌ಗೆ ಕಳಿಸೋಕೆ ಹೇಳಿ, ರಿಲೀವಿಂಗ್ ಲೆಟರ್ ಜೊತೆ ಇಟ್ಟುಕೊಳ್ಳಿ. ಬಾರದಿದ್ದರೆ ನೀವು ಕೇಳಿದ್ದೀರಿ ಎಂಬ ದಾಖಲೆಯಾದರೂ ಇರುತ್ತೆ. ಇನ್ನೂ ಕೆಲಸದಲ್ಲೇ ಇದ್ದರೆ, ಸೋಮವಾರ ಆ ಪಟ್ಟಿ ಇಳಿಸಿ ನೋಡಿ. ಕೊನೆಯ ಬಳಕೆ ಎಂಬ ಕಾಲಂನಲ್ಲಿ ಯಾವ ವರ್ಷ ಬರುತ್ತೆ ಅಂತ ನೋಡಿ, ಮ್ಯಾನೇಜರ್‌ಗೂ ತೋರಿಸಿ.